ಮಳೆಮಾಪಕದ ಕಂಪೈಲರ್ ಬದಲಿಸುವಾಗ

ಕಾಫಿ ಮೊಗ್ಗನ್ನು ಅರಳಿಸುವ ಹೂಮಳೆ ಒಂದು ಇಂಚು ಬಿತ್ತೋ, ಎಪ್ಪತ್ತು ಸೆಂಟ್ಸ್‌ಗೇ ನಿಂತಿತೋ ಎಂಬುದನ್ನು ನೋಡಿಕೊಂಡು ಮೂಡಿಗೆರೆ, ಕಳಸ, ಆಲ್ದೂರು ಕಡೆಯ ರೊಬಸ್ಟಾ ಬೆಳೆಗಾರರು ಮರುದಿನ ಸ್ಪ್ರಿಂಕ್ಲರ್ ಪೈಪು ಎಳೆಸಬೇಕೋ ಬೇಡವೋ ಎಂದು ನಿರ್ಧರಿಸುತ್ತಾರೆ. ಇಂಚನ್ನು ನೂರು ಪಾಲು ಮಾಡಿದರೆ ಒಂದು ಪಾಲು ಒಂದು ಸೆಂಟ್. ಒಂದು ಇಂಚೆಂದರೆ 25.4 ಮಿಲಿಮೀಟರ್. ಮೊಗ್ಗು ಅರ್ಧಂಬರ್ಧ ಅರಳಿ ನಿಂತರೆ ಆ ವರ್ಷದ ಫಸಲೇ ಹೋದಂತೆ. ಹಾಗಾಗಿ ಇಲ್ಲಿ ಮಳೆಯ ಲೆಕ್ಕವೆಂದರೆ ದುಡ್ಡಿನ ಲೆಕ್ಕ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ನಿಲ್ಲಿಸಿದೆ, ಅದರ ಅಂಕಿ ಎಲ್ಲರಿಗೂ ಸಿಗುತ್ತದೆ. ಆದರೆ ಗುಡ್ಡದ ಈ ಮಗ್ಗುಲಿಗೆ ಸುರಿದ ಮಳೆ ಆ ಮಗ್ಗುಲಿಗೆ ತಲುಪದ ಸೀಮೆ ಇದು. ತನ್ನ ತೋಟದ ಮಳೆ ತನಗೆ ಬೇಕೆನ್ನುವವರು ಗಾಜಿನ ಅಳತೆ ಕೊಳವೆಯ ಪಕ್ಕದಲ್ಲೇ ಈಗ ಎಲೆಕ್ಟ್ರಾನಿಕ್ ಮಾಪಕವನ್ನೂ ಇಡುತ್ತಿದ್ದಾರೆ.

ಅಂಥ ಮಾಪಕದೊಳಗೆ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಂ ಇರುತ್ತದೆ. ಅದನ್ನು ಚಿಪ್ಪಿಗೆ ಅರ್ಥವಾಗುವಂತೆ ಮಾಡುವುದು ಕಂಪೈಲರ್ ಟೂಲ್‌ಚೈನ್. ಮಾಪಕವನ್ನು ಜೋಡಿಸುವುದು ಇವತ್ತು ಕಷ್ಟವಲ್ಲ, ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ರಜೆಯಲ್ಲಿ ಮಾಡಿಬಿಡುತ್ತಾರೆ. ಕಷ್ಟ ಬರುವುದು ಮೂರ್ನಾಲ್ಕು ವರ್ಷ ಕಳೆದು ಟೂಲ್‌ಚೈನ್ ಬದಲಿಸಬೇಕಾದಾಗ. ಈ ಲೇಖನ ಆ ಕೆಲಸದ ಬಗ್ಗೆ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ: ಹೊಸ ಕಂಪೈಲರ್ ತಪ್ಪು ಮಾಡುವುದು ಬಲು ಅಪರೂಪ, ಹಳೆಯ ಕಂಪೈಲರ್ ಸುಮ್ಮನೆ ನಡೆಸಿಕೊಂಡು ಬಂದಿದ್ದ ನಮ್ಮ ಊಹೆಗಳು ಅದರ ಕೈಯಲ್ಲಿ ಮುರಿಯುತ್ತವೆ. ಅವು ಮಳೆಗಾಲಕ್ಕೆ ಮೊದಲೇ, ನಮ್ಮ ಮೇಜಿನ ಮೇಲೆ ಮುರಿಯುವಂತೆ ನೋಡಿಕೊಳ್ಳಬೇಕು.

ಕರ್ನಾಟಕಕ್ಕೆ ಈ ಬಗೆಯ ಯಂತ್ರಗಳು ಹೊಸತಲ್ಲ. ಸುಮಾರು ಎರಡು ದಶಕಗಳ ಹಿಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ಲೊಸಾನ್‌ನ ತಾಂತ್ರಿಕ ವಿಶ್ವವಿದ್ಯಾಲಯ ಸೇರಿ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಚನ್ನಕೇಶವಪುರದಲ್ಲಿ ಕಾಮನ್‌ಸೆನ್ಸ್ ನೆಟ್ ಎಂಬ ನಿಸ್ತಂತು ಸೆನ್ಸರ್ ಜಾಲವನ್ನು ನಿಲ್ಲಿಸಿದ್ದವು. ಒಣಭೂಮಿಯ ಬಡ ರೈತರಿಗೆ ಮಣ್ಣಿನ ತೇವದ ಮಾಹಿತಿ ಕೊಡುವುದು ಅದರ ಉದ್ದೇಶ. ಅಲ್ಲಿನ ಮೈಕಾ2 ಎಂಬ ಸೆನ್ಸರ್ ಪೆಟ್ಟಿಗೆಗಳಲ್ಲಿ ಓಡುತ್ತಿದ್ದದ್ದು ಟೈನಿಓಎಸ್. ಅದರ ಪ್ರೋಗ್ರಾಂ ನೆಸ್‌ಸಿ ಎಂಬ ಭಾಷೆಯಲ್ಲಿತ್ತು. ನೆಸ್‌ಸಿ ಕಂಪೈಲರ್ ಅದನ್ನು ಸಿ ಭಾಷೆಗೆ ಇಳಿಸಿ, ಅಲ್ಲಿಂದ ಎವಿಆರ್ ಚಿಪ್ಪಿನ ಜಿಸಿಸಿ ಕಂಪೈಲರ್ ಯಂತ್ರಸಂಕೇತ ಮಾಡುತ್ತಿತ್ತು. ಮುಂದೆ ಅದೇ ಎವಿಆರ್ ಜಿಸಿಸಿ 4.6ಕ್ಕೆ ಬಂದಾಗ, ಫ್ಲ್ಯಾಶ್ ಮೆಮೊರಿಯಲ್ಲಿ ಇಡುವ ದತ್ತಾಂಶಕ್ಕೆ ‘ಕಾನ್ಸ್ಟ್’ ಎಂದು ಗುರುತು ಹಾಕಲೇಬೇಕೆಂಬ ಕಟ್ಟುನಿಟ್ಟು ಬಂತು. ಅಲ್ಲಿಯವರೆಗೆ ಚೆನ್ನಾಗಿಯೇ ಓಡುತ್ತಿದ್ದ ಎಷ್ಟೋ ಪ್ರೋಗ್ರಾಂಗಳು ಒಂದಕ್ಷರವೂ ಬದಲಾಗದೆ ಕಂಪೈಲ್ ಆಗುವುದನ್ನು ನಿಲ್ಲಿಸಿದವು. ಟೂಲ್‌ಚೈನ್ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಇದು ಸರಳ ನಿದರ್ಶನ. ದೋಷ ಕಣ್ಣಿಗೆ ಬಿತ್ತು, ತಿದ್ದಿದರೆ ಮುಗಿಯಿತು. ಕಣ್ಣಿಗೆ ಬೀಳದವುಗಳೇ ಅಪಾಯ.

ವಿವರಣೆಗೆ ಇವತ್ತಿನ ಒಂದು ಮಾಪಕವನ್ನೇ ತೆಗೆದುಕೊಳ್ಳೋಣ. 0.2 ಮಿಲಿಮೀಟರ್ ಮಳೆಗೊಮ್ಮೆ ಮಗುಚುವ ಪುಟ್ಟ ತೊಟ್ಟಿ. ಮಗುಚಿದಾಗಲೆಲ್ಲ ಒಂದು ರೀಡ್ ಸ್ವಿಚ್ ಕೂಡಿ ಬಿಡುತ್ತದೆ. ಅದನ್ನು ಎಣಿಸಲು ಇಎಸ್‌ಪಿ32 ಚಿಪ್, ಚಿಪ್ಪಿನ ಮೇಲೆ ಫ್ರೀಆರ್‌ಟಿಓಎಸ್. ತೋಟದಿಂದ ಮನೆಗೆ ಅಂಕಿ ಕಳಿಸಲು ಲೋರಾ ರೇಡಿಯೋ. ನಮ್ಮ ದೇಶದಲ್ಲಿ ಪರವಾನಗಿ ಬೇಡದ 865ರಿಂದ 868 ಮೆಗಾಹರ್ಟ್ಸ್ ತರಂಗದಲ್ಲಿ ಅದು ಓಡುತ್ತದೆ. ಎಸ್ಪ್ರೆಸಿಫ್ ಕಂಪನಿ ಈ ಚಿಪ್ಪಿಗೆ ಕೊಡುವ ಐಡಿಎಫ್ ಎಂಬ ಚೌಕಟ್ಟಿನೊಳಗೇ ಫ್ರೀಆರ್‌ಟಿಓಎಸ್ ಬರುತ್ತದೆ, ಕಂಪೈಲರ್ ಕೂಡ ಅದರ ಜೊತೆಗೇ ಗಂಟು ಬಿದ್ದಿರುತ್ತದೆ. ಐಡಿಎಫ್ 4.4ಕ್ಕೆ ಜಿಸಿಸಿ 8.4. 5.0ಕ್ಕೆ ಜಿಸಿಸಿ 11.2. 5.1ಕ್ಕೆ 12.2, 5.2ಕ್ಕೆ 13.2, 5.4ಕ್ಕೆ 14.2. ನಾಲ್ಕು ವರ್ಷದ ಹಿಂದೆ 4.4ರಲ್ಲಿ ಮಾಡಿಟ್ಟ ಮಾಪಕಕ್ಕೆ ತಯಾರಕರ ಬೆಂಬಲ 2024ರಲ್ಲಿ ಮುಗಿಯಿತು. ಭದ್ರತೆಯ ತಿದ್ದುಪಡಿ ಬೇಕೆಂದರೂ, ಹೊಸ ಚಿಪ್ ಹಾಕಬೇಕೆಂದರೂ ಮೇಲೇರಲೇಬೇಕು.

ಟೂಲ್‌ಚೈನ್ ಎಂದರೆ ಕಂಪೈಲರ್ ಒಂದೇ ಅಲ್ಲ. ಅಸೆಂಬ್ಲರ್, ತುಂಡುಗಳನ್ನೆಲ್ಲ ಜೋಡಿಸುವ ಲಿಂಕರ್, ಪ್ರಿಂಟ್‌ಎಫ್‌ನಂಥ ಕೆಲಸಗಳನ್ನು ಒದಗಿಸುವ ನ್ಯೂಲಿಬ್ ಎಂಬ ಸಿ ಲೈಬ್ರರಿ, ಡೀಬಗರ್, ಎಲ್ಲ ಸೇರಿ ಒಂದು ಕಟ್ಟು. ಬ್ಯಾಟರಿ ಉಳಿಸಲು ಚಿಪ್ ಗಾಢನಿದ್ರೆಯಲ್ಲಿರುವಾಗಲೂ ತೊಟ್ಟಿಯ ಮಗುಚನ್ನು ಎಣಿಸುವ ಒಂದು ಕಿರು ಪ್ರೊಸೆಸರ್ ಇಎಸ್‌ಪಿ32ರಲ್ಲಿದೆ. ಅದಕ್ಕೆ ಬೇರೆಯದೇ ಅಸೆಂಬ್ಲರ್. ಮರೆತುಹೋಗುವುದು ಹೆಚ್ಚಾಗಿ ಅದೇ. ಈ ಕಟ್ಟಿನ ಒಂದು ಎಳೆಯನ್ನು ಹೊಸದು ಮಾಡಿ ಉಳಿದವನ್ನು ಹಳೆಯದಾಗಿಯೇ ಬಿಟ್ಟರೆ ಯಾವುದೂ ಸರಿಹೋಗುವುದಿಲ್ಲ.

ಕೆಲಸ ಶುರುವಾಗಬೇಕಾದದ್ದು ಹಳೆಯ ಟೂಲ್‌ಚೈನಿನಿಂದ. ಮೊದಲು ಈಗ ತೋಟದಲ್ಲಿ ಓಡುತ್ತಿರುವ ಫರ್ಮ್‌ವೇರನ್ನು, ಅಂದರೆ ಮಾಪಕದೊಳಗಿನ ಪ್ರೋಗ್ರಾಮನ್ನು, ಅದೇ ಮೂಲದಿಂದ, ಅದೇ ಕಂಪೈಲರ್‌ನಿಂದ ಮತ್ತೊಮ್ಮೆ ಕಟ್ಟಿ ನೋಡಿ. ಬೈಟಿಗೆ ಬೈಟು ಅದೇ ಕಡತ ಬರಬೇಕು. ಬರದಿದ್ದರೆ ಸಾಮಾನ್ಯವಾಗಿ ಕಾರಣ, ಪ್ರೋಗ್ರಾಂ ತನ್ನೊಳಗೆ ಕಟ್ಟಿದ ದಿನ, ಗಂಟೆಯನ್ನು ಅಚ್ಚು ಹಾಕಿಕೊಳ್ಳುತ್ತಿರುವುದು; ಅದನ್ನು ತಡೆಯುವ ಆಯ್ಕೆ ಐಡಿಎಫ್‌ನಲ್ಲಿದೆ. ದಿನ, ಗಂಟೆಯ ವ್ಯತ್ಯಾಸವನ್ನು ಬಿಟ್ಟ ಮೇಲೂ ಕಡತ ಬೇರೆಯೇ ಆಗಿದ್ದರೆ, ತೋಟದಲ್ಲಿರುವುದು ಯಾವುದು ಎಂಬುದೇ ನಿಮಗೆ ಗೊತ್ತಿಲ್ಲವೆಂದಾಯಿತು. ಅಳತೆಗೋಲೇ ಇಲ್ಲದೆ ಹೋಲಿಸುವುದು ಹೇಗೆ? ಹಳೆಯ ಟೂಲ್‌ಚೈನಿನ ಇನ್‌ಸ್ಟಾಲರ್ ಕಡತಗಳನ್ನು ಪೆನ್‌ಡ್ರೈವಿಗೋ ಹಾರ್ಡ್‌ಡಿಸ್ಕಿಗೋ ಇಳಿಸಿ ಇಟ್ಟುಕೊಳ್ಳುವುದನ್ನೂ ಈಗಲೇ ಮಾಡಬೇಕು. ನೂರಾರು ಮೆಗಾಬೈಟಿನ ಕಡತವನ್ನು ಸಂಸೆಯಲ್ಲೋ ಹಿರೇಬೈಲಿನಲ್ಲೋ ಕುಳಿತು ಜುಲೈ ತಿಂಗಳಲ್ಲಿ ಇಳಿಸಿಕೊಳ್ಳುತ್ತೇನೆ ಎಂದು ನಂಬಿ ಕೂರುವಂತಿಲ್ಲ. ಕರೆಂಟು ಇದ್ದರೆ ನೆಟ್‌ವರ್ಕ್ ಇರುವುದಿಲ್ಲ, ನೆಟ್‌ವರ್ಕ್ ಇದ್ದರೆ ಕರೆಂಟು ಇರುವುದಿಲ್ಲ.

ಎರಡನೆಯ ಹೆಜ್ಜೆಯನ್ನು ಬಹಳ ಜನ ಬಿಡುತ್ತಾರೆ. ಹೊಸ ಕಂಪೈಲರ್‌ನ ಶಿಸ್ತನ್ನು ಹಳೆಯ ಕಂಪೈಲರ್‌ನಲ್ಲೇ ಹಾಕಿಕೊಳ್ಳುವುದು ಆ ಹೆಜ್ಜೆ. ಜಿಸಿಸಿ 10 ಬಂದದ್ದು 2020ರಲ್ಲಿ. ಅಲ್ಲಿಯವರೆಗೆ ಒಂದೇ ಹೆಸರಿನ ಜಾಗತಿಕ ಚರಾಂಶವನ್ನು ಹೆಡರ್ ಕಡತದಲ್ಲಿ ಘೋಷಿಸಿ, ಆ ಹೆಡರನ್ನು ನಾಲ್ಕು ಕಡೆ ಸೇರಿಸಿದರೂ ಲಿಂಕರ್ ನಾಲ್ಕನ್ನೂ ಒಂದೇ ಎಂದು ಬಗೆದು ಜೋಡಿಸುತ್ತಿತ್ತು. ಜಿಸಿಸಿ 10ರಿಂದ ಅದು ತಪ್ಪು, ‘ಮಲ್ಟಿಪಲ್ ಡೆಫಿನಿಷನ್’ ಎಂದು ನಿಂತುಬಿಡುತ್ತದೆ. ಜಿಸಿಸಿ 14, ಅಂದರೆ 2024ರಿಂದ, ಘೋಷಣೆಯಿಲ್ಲದ ಫಂಕ್ಷನ್ ಕರೆಯುವುದು, ಪಾಯಿಂಟರನ್ನು ಪೂರ್ಣಾಂಕವೆಂದು ಬಳಸುವುದು, ಒಂದು ಬಗೆಯ ಪಾಯಿಂಟರ್ ಇರಬೇಕಾದಲ್ಲಿ ಇನ್ನೊಂದನ್ನು ಕೊಡುವುದು ಬರಿಯ ಎಚ್ಚರಿಕೆಗಳಾಗಿ ಉಳಿಯಲಿಲ್ಲ, ದೋಷಗಳೇ ಆದವು. 2025ರ ಜಿಸಿಸಿ 15 ಸಿ23 ಪ್ರಮಾಣವನ್ನೇ ಮೂಲ ಭಾಷೆಯಾಗಿ ಹಿಡಿಯಿತು. ಹಳೆಯ ಕೋಡಿನಲ್ಲಿ ತಾವೇ ‘ಬೂಲ್’ ಎಂಬ ಹೆಸರನ್ನು ಕಟ್ಟಿಕೊಂಡವರಿಗೆ ಅಲ್ಲಿ ತಕರಾರು. ಇವುಗಳಲ್ಲಿ ಬಹುಪಾಲನ್ನು ಜಿಸಿಸಿ 8ರಲ್ಲೇ ಆಯ್ಕೆಗಳನ್ನು ಕೊಟ್ಟು ದೋಷವೆಂದು ಹೇಳಿಸಬಹುದು. ಹಾಗೆ ತಿದ್ದಿದ ಮೇಲೆ ಹಳೆಯ ಕಂಪೈಲರ್‌ನಲ್ಲೇ ಮತ್ತೆ ಕಟ್ಟಿ, ಮಾಪಕ ಮೊದಲಿನಂತೆಯೇ ಎಣಿಸುತ್ತದೆಯೇ ಎಂದು ಪರೀಕ್ಷಿಸಿ. ತಿದ್ದುಪಡಿಯ ತಪ್ಪು ಯಾವುದು, ಕಂಪೈಲರ್ ಬದಲಾದ ಪರಿಣಾಮ ಯಾವುದು ಎಂದು ಬೇರೆ ಮಾಡಲು ಇದೊಂದೇ ದಾರಿ. ಟೂಲ್‌ಚೈನ್ ಬದಲಿಸುವ ಹೊತ್ತಿನಲ್ಲೇ ಹೊಸ ಸೆನ್ಸರ್ ಸೇರಿಸುವುದು, ಪರದೆಯ ವಿನ್ಯಾಸ ಬದಲಿಸುವುದು ಇವುಗಳಿಗೆ ಕೈ ಹಾಕಲೇಬಾರದು.

ಆಮೇಲೆ ಏಣಿ ಹತ್ತುವುದು. 4.4ರಿಂದ ನೇರ 5.4ಕ್ಕೆ ನೆಗೆಯಬೇಡಿ. 5.0, 5.1, 5.2 ಹೀಗೆ ಒಂದೊಂದೇ ಮೆಟ್ಟಿಲು, ಪ್ರತಿ ಮೆಟ್ಟಿಲಿಗೂ ತಯಾರಕರು ಬರೆದಿಟ್ಟಿರುವ ವಲಸೆಯ ಟಿಪ್ಪಣಿ ಓದಿಕೊಂಡು. ಅತಿ ದೊಡ್ಡ ಮೆಟ್ಟಿಲು 5.0. ಅದರಲ್ಲಿ ಎರಡು ಬದಲಾವಣೆಗಳನ್ನು ಬಿಡಿಸಿ ಹೇಳಬೇಕು, ಏಕೆಂದರೆ ಮಳೆ ಲೆಕ್ಕದ ಮೇಲೆ ನೇರವಾಗಿ ಬೀಳುವಂಥವು ಅವು.

ಒಂದು, ‘ಟೈಮ್-ಟಿ’. ಸಮಯವನ್ನು ಇಡುವ ಈ ಬಗೆ ಅಲ್ಲಿಯವರೆಗೆ 32 ಬಿಟ್ ಇತ್ತು. 32 ಬಿಟ್ಟಿನ ಗಡಿಯಾರ 2038ರ ಜನವರಿ 19ಕ್ಕೆ ತುಂಬಿಹೋಗುವುದರಿಂದ ಅದನ್ನು 64 ಬಿಟ್ ಮಾಡಿದರು. ಒಳ್ಳೆಯದೇ. ಆದರೆ ನಿಮ್ಮ ಮಾಪಕ ಪ್ರತಿ ಕಾಲುಗಂಟೆಗೆ ‘ಸಮಯ, ಮಗುಚಿದ ಸಂಖ್ಯೆ’ ಎಂಬ ಜೋಡಿಯನ್ನು ಫ್ಲ್ಯಾಶ್‌ನಲ್ಲಿ ಬರೆದಿಡುತ್ತಿದೆ ಎಂದುಕೊಳ್ಳಿ. ಸಮಯಕ್ಕೆ 4 ಬೈಟು, ಸಂಖ್ಯೆಗೆ 2, ಕಂಪೈಲರ್ ಸೇರಿಸುವ ಖಾಲಿ 2, ಒಟ್ಟು 8. ಹೊಸ ಟೂಲ್‌ಚೈನಿನಲ್ಲಿ ಸಮಯಕ್ಕೆ 8, ಸಂಖ್ಯೆಗೆ 2, ಖಾಲಿ 6, ಒಟ್ಟು 16. 4096 ಬೈಟಿನ ಒಂದು ಫ್ಲ್ಯಾಶ್ ಸೆಕ್ಟರಿನಲ್ಲಿ 512 ದಾಖಲೆ ಹಿಡಿಯುತ್ತಿದ್ದದ್ದು 256 ಆಯಿತು. ಅದಕ್ಕಿಂತ ಕೆಟ್ಟದ್ದು, ಹೊಸ ಫರ್ಮ್‌ವೇರ್ ಹಳೆಯ ದಾಖಲೆಗಳನ್ನು ಎರಡೆರಡು ಸೇರಿಸಿ ಒಂದೆಂದು ಓದುತ್ತದೆ. ಎರಡನೆಯ ದಾಖಲೆಯ ಸಮಯದ ಅರ್ಧ ಭಾಗವೇ ಮೊದಲನೆಯದರ ಮಳೆಯಾಗಿ ಕಾಣುತ್ತದೆ. ಕಂಪೈಲರ್ ಇದಕ್ಕೆ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ, ಭಾಷೆಯ ದೃಷ್ಟಿಯಲ್ಲಿ ಅಲ್ಲಿ ತಪ್ಪೇ ಇಲ್ಲ. ಪರಿಹಾರ ಸುಲಭ. ಫ್ಲ್ಯಾಶ್‌ಗೆ ಬರೆಯುವ, ರೇಡಿಯೋದಲ್ಲಿ ಕಳಿಸುವ ಯಾವ ರಚನೆಯಲ್ಲೂ ಟೈಮ್-ಟಿ ಬಳಸಬಾರದು. ಚಿಹ್ನೆಯಿಲ್ಲದ 32 ಬಿಟ್ ಪೂರ್ಣಾಂಕದಲ್ಲಿ ಸೆಕೆಂಡುಗಳನ್ನು ಇಟ್ಟರೆ 2106ರವರೆಗೆ ಸಾಕಾಗುತ್ತದೆ. ಜೊತೆಗೆ, ರಚನೆಯ ಗಾತ್ರ 8 ಬೈಟೇ ಇರಬೇಕು, ಇಲ್ಲದಿದ್ದರೆ ಕಂಪೈಲ್ ಆಗಕೂಡದು ಎಂಬ ‘ಸ್ಟ್ಯಾಟಿಕ್ ಅಸರ್ಟ್’ ಒಂದು ಸಾಲು. ಆ ಒಂದು ಸಾಲು ಇಡೀ ಮುಂಗಾರಿನ ದಾಖಲೆಯನ್ನು ಕಾಯುತ್ತದೆ.

ಎರಡು, 32 ಬಿಟ್ ಪೂರ್ಣಾಂಕದ ಒಳಗಿನ ಬಗೆ. ಮೊದಲು ಅದು ‘ಇಂಟ್’ ಆಗಿತ್ತು, 5.0ರಿಂದ ‘ಲಾಂಗ್’. ಗಾತ್ರ ಒಂದೇ. ಆದರೂ ಪ್ರಿಂಟ್‌ಎಫ್‌ನಲ್ಲಿ ಹಳೆಯ ಸೂಚನೆ ಕೊಟ್ಟ ಕಡೆಯೆಲ್ಲ ದೋಷ ಬರುತ್ತದೆ, ಏಕೆಂದರೆ ಐಡಿಎಫ್ ಇಂಥ ಬಹಳಷ್ಟು ಎಚ್ಚರಿಕೆಗಳನ್ನು ದೋಷವೆಂದೇ ಪರಿಗಣಿಸುತ್ತದೆ. ಅಂತರ್ಜಾಲದಲ್ಲಿ ಹುಡುಕಿದರೆ ಆ ಎಚ್ಚರಿಕೆಯನ್ನೇ ಆರಿಸಿಬಿಡಿ ಎಂಬ ಸಲಹೆ ಬೇಗ ಸಿಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಸಮಯ 64 ಬಿಟ್ ಆದದ್ದನ್ನು 32 ಬಿಟ್ಟಿನ ಸೂಚನೆಯಿಂದ ಮುದ್ರಿಸಿದರೆ ಅದರ ಹಿಂದೆ ಬರುವ ಮಳೆಯ ಅಂಕಿಯೂ ಜಾಗ ತಪ್ಪುತ್ತದೆ. ಅದನ್ನು ಹಿಡಿದುಕೊಡುವುದು ಇದೇ ಎಚ್ಚರಿಕೆ. ಇನ್ನೂ ಒಂದು ಗುಟ್ಟಿದೆ. ಜಾಗ ಉಳಿಸಲು ನ್ಯೂಲಿಬ್‌ನ ‘ನ್ಯಾನೋ’ ಮುದ್ರಣವನ್ನು ಆಯ್ದುಕೊಂಡಿದ್ದರೆ, 64 ಬಿಟ್ ಅಂಕಿಗಳನ್ನು ಮುದ್ರಿಸುವ ಶಕ್ತಿಯೇ ಅದರಲ್ಲಿಲ್ಲ. ಸೂಚನೆ ಸರಿ ಕೊಟ್ಟರೂ ಕಸ ಬರುತ್ತದೆ.

ಇವೆರಡರ ಆಚೆ, ಯಾವ ಮೆಟ್ಟಿಲಲ್ಲಾದರೂ ಎದುರಾಗಬಹುದಾದ ಮೂರನೆಯ ಅಪಾಯವೊಂದಿದೆ. ಅದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಗಂಭೀರ, ಅದರ ಬಗ್ಗೆ ಕಡಿಮೆ ಜನ ಮಾತಾಡುತ್ತಾರೆ. ಇಎಸ್‌ಪಿ32ರಲ್ಲಿ ಪ್ರೋಗ್ರಾಮಿನ ಬಹುಭಾಗ ಇರುವುದು ಫ್ಲ್ಯಾಶ್ ಚಿಪ್ಪಿನಲ್ಲಿ. ಕ್ಯಾಶ್ ಮೂಲಕ ಅದನ್ನು ಓದಿಕೊಂಡು ಚಿಪ್ ಓಡುತ್ತದೆ. ಫ್ಲ್ಯಾಶ್‌ಗೆ ಏನನ್ನಾದರೂ ಬರೆಯುವಾಗ, ಅಳಿಸುವಾಗ ಕ್ಯಾಶ್ ಬಂದ್ ಆಗುತ್ತದೆ. ಆ ಹೊತ್ತಿನಲ್ಲಿ ಓಡಬಲ್ಲದ್ದು ಒಳಗಿನ ಐರ‍್ಯಾಮ್ ಎಂಬ ಮೆಮೊರಿಯಲ್ಲಿರುವ ಕೋಡ್ ಮಾತ್ರ. ಫ್ಲ್ಯಾಶ್ ಬರೆಯುವಾಗಲೂ ತೊಟ್ಟಿಯ ಮಗುಚು ತಪ್ಪಿಹೋಗಬಾರದೆಂದು ಎಚ್ಚರದ ಪ್ರೋಗ್ರಾಮರ್, ಸ್ವಿಚ್ ಕೂಡಿದೊಡನೆ ಓಡುವ ತನ್ನ ಇಂಟರಪ್ಟ್ ಫಂಕ್ಷನ್ನನ್ನು ಐರ‍್ಯಾಮ್‌ನಲ್ಲಿಡುವಂತೆ ಗುರುತು ಹಾಕಿರುತ್ತಾನೆ. ಆ ಫಂಕ್ಷನ್ ಒಳಗಿಂದ ಇನ್ನೊಂದು ಪುಟ್ಟ ಸಹಾಯಕ ಫಂಕ್ಷನ್ನನ್ನು ಕರೆದಿರುತ್ತಾನೆ, ಅದಕ್ಕೆ ಗುರುತು ಹಾಕಿರುವುದಿಲ್ಲ. ಹಳೆಯ ಕಂಪೈಲರ್ ಆ ಪುಟ್ಟದ್ದನ್ನು ದೊಡ್ಡದರೊಳಗೇ ಬಿಚ್ಚಿ ಹಾಸುತ್ತಿತ್ತು, ಹಾಗಾಗಿ ಎರಡೂ ಐರ‍್ಯಾಮ್‌ನಲ್ಲೇ ಇರುತ್ತಿದ್ದವು. ಹೊಸ ಕಂಪೈಲರ್ ಲಾಭ ನಷ್ಟದ ಲೆಕ್ಕವನ್ನು ಬೇರೆ ಹಾಕಿ ಅದನ್ನು ಪ್ರತ್ಯೇಕವಾಗಿ ಉಳಿಸಬಹುದು. ಉಳಿಸಿದರೆ ಅದು ಹೋಗಿ ಕೂರುವುದು ಫ್ಲ್ಯಾಶ್‌ನಲ್ಲಿ.

ಈಗ ನೋಡಿ. ಫ್ಲ್ಯಾಶ್ ಬರೆಯುತ್ತಿರುವ ಹತ್ತಾರು ಮಿಲಿಸೆಕೆಂಡಿನ ಒಳಗೇ ತೊಟ್ಟಿ ಮಗುಚಿದರೆ ಚಿಪ್ ‘ಕ್ಯಾಶ್ ಬಂದ್ ಇದೆ’ ಎಂದು ಗಾಬರಿಯಾಗಿ ಮರುಚಾಲನೆಯಾಗುತ್ತದೆ. ಅಲ್ಲಿಯವರೆಗೆ ರ‍್ಯಾಮ್‌ನಲ್ಲಿದ್ದ ಎಣಿಕೆ ಹೋಯಿತು. ಗಂಟೆಗೆ 5 ಮಿಲಿಮೀಟರಿನ ಸೋನೆಯಲ್ಲಿ ತೊಟ್ಟಿ ಮಗುಚುವುದು ಗಂಟೆಗೆ 25 ಸಲ. ಮಗುಚುವುದೂ ಫ್ಲ್ಯಾಶ್ ಬರವಣಿಗೆಯೂ ಒಟ್ಟಿಗೆ ಬೀಳುವ ಸಂಭವ ತೀರಾ ಕಡಿಮೆ. ಕೊಟ್ಟಿಗೆಹಾರದ ಕಡೆ ಸುರಿಯುವಂಥ ಜಡಿಮಳೆಯಲ್ಲಿ, ಗಂಟೆಗೆ 100 ಮಿಲಿಮೀಟರ್ ಎಂದುಕೊಂಡರೆ, 500 ಸಲ, ಏಳು ಸೆಕೆಂಡಿಗೊಮ್ಮೆ. ಪ್ರತಿ ಮಗುಚನ್ನೂ ಆಗಲೇ ಬರೆದಿಡುವ ಮಾಪಕವಾದರೆ, ಸ್ವಿಚ್ಚಿನ ಲೋಹದ ನಾಲಿಗೆ ಅದುರಿ ಬರುವ ಎರಡನೆಯ ಮಿಡಿತ ಸರಿಯಾಗಿ ಆ ಬರವಣಿಗೆಯ ಹೊತ್ತಿಗೇ ಬಂದು ಬಡಿಯುತ್ತದೆ. ಅಂದರೆ ಮಳೆ ಜೋರಾದಷ್ಟೂ ಮಾಪಕ ಕೈಕೊಡುತ್ತದೆ. ಅಳತೆ ನಿಜಕ್ಕೂ ಬೇಕಾದ ರಾತ್ರಿಯೇ ಅಂಕಿ ಕಡಿಮೆ ತೋರಿಸುತ್ತದೆ. ಮನೆಯೊಳಗೆ ಮೇಜಿನ ಮೇಲೆ ನಾಲ್ಕು ಲೋಟ ನೀರು ಸುರಿದು ನೋಡಿದವರಿಗೆ ಇದು ಕಾಣುವುದೇ ಇಲ್ಲ.

ಇದನ್ನು ಮಳೆಗೆ ಕಾಯದೆ ಹಿಡಿಯಬಹುದು. ಯಾವ ಫಂಕ್ಷನ್ ಯಾವ ವಿಳಾಸದಲ್ಲಿದೆ ಎಂದು ಲಿಂಕರ್ ಬರೆದುಕೊಡುವ ಮ್ಯಾಪ್ ಕಡತವನ್ನು ತೆರೆಯಿರಿ. ಇಎಸ್‌ಪಿ32ರಲ್ಲಿ ಐರ‍್ಯಾಮ್ ಶುರುವಾಗುವುದು ಹದಿನಾರಂಕಿ ಪದ್ಧತಿಯ 40080000 ವಿಳಾಸದಿಂದ. ಫ್ಲ್ಯಾಶ್‌ನಿಂದ ಓಡುವ ಕೋಡ್ 400ಡಿ0000ದಿಂದ. ಇಂಟರಪ್ಟ್ ಫಂಕ್ಷನ್ ಮತ್ತು ಅದು ಕರೆಯುವ ಪ್ರತಿಯೊಂದೂ ಮೊದಲ ಗುಂಪಿನಲ್ಲೇ ಇರಬೇಕು. ಹಳೆಯ ಮ್ಯಾಪ್, ಹೊಸ ಮ್ಯಾಪ್ ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿದರೆ ಜಾಗ ಬದಲಿಸಿದವು ತಾವಾಗಿ ಎದ್ದು ಕಾಣುತ್ತವೆ. ‘ಸ್ವಿಚ್’ ವಾಕ್ಯಗಳನ್ನು ಕಂಪೈಲರ್ ಕೋಷ್ಟಕವಾಗಿ ಮಾಡಿ ಫ್ಲ್ಯಾಶ್‌ನಲ್ಲಿಟ್ಟರೂ ಇದೇ ಗತಿ. ಅದನ್ನು ತಡೆಯುವ ಆಯ್ಕೆ ಆ ಕಡತಕ್ಕೆ ಅನ್ವಯಿಸಿದೆಯೇ ನೋಡಿಕೊಳ್ಳಿ.

ಮ್ಯಾಪ್ ಓದುವ ಹೊತ್ತಿಗೇ ಸ್ಟ್ಯಾಕ್, ಅಂದರೆ ಫಂಕ್ಷನ್‌ಗಳು ಓಡುವಾಗ ಬಳಸುವ ತಾತ್ಕಾಲಿಕ ಮೆಮೊರಿಯನ್ನೂ ನೋಡಿಬಿಡಬೇಕು. ಫ್ರೀಆರ್‌ಟಿಓಎಸ್‌ನಲ್ಲಿ ಪ್ರತಿ ಕೆಲಸಕ್ಕೂ ನಾವೇ ಅಳೆದು ಕೊಟ್ಟ ಸ್ಟ್ಯಾಕ್ ಇರುತ್ತದೆ. ಹೊಸ ಕಂಪೈಲರ್ ಫಂಕ್ಷನ್‌ಗಳನ್ನು ಒಂದರೊಳಗೊಂದು ಹೊಲಿಯುವ ರೀತಿ ಬದಲಾದರೆ ಮೊದಲು ಸಾಕಾಗುತ್ತಿದ್ದ ಜಾಗ ಈಗ ತುಂಬಿ ಹರಿಯಬಹುದು. ಪ್ರತಿ ಕೆಲಸದಲ್ಲೂ ಅತಿ ಕಡಿಮೆ ಎಂದರೆ ಎಷ್ಟು ಬೈಟು ಉಳಿದಿತ್ತು ಎಂದು ಹೇಳುವ ಫಂಕ್ಷನ್ ಫ್ರೀಆರ್‌ಟಿಓಎಸ್‌ನಲ್ಲೇ ಇದೆ; ಎರಡೂ ಟೂಲ್‌ಚೈನ್‌ಗಳಲ್ಲಿ ಓಡಿಸಿ ಆ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ರೀಡ್ ಸ್ವಿಚ್ಚಿನ ಅದುರನ್ನು ಕಳೆಯಲು ಖಾಲಿ ಲೂಪ್ ತಿರುಗಿಸಿ ಕಾಲ ತಳ್ಳುವ ಕೋಡ್ ಇದ್ದರೆ ಅದನ್ನು ಈಗಲೇ ಕಿತ್ತುಹಾಕಿ ಟೈಮರ್ ಬಳಸಿ. ಏನೂ ಕೆಲಸ ಮಾಡದ ಲೂಪನ್ನು ಅಳಿಸುವ ಹಕ್ಕು ಕಂಪೈಲರ್‌ಗೆ ಸದಾ ಇದೆ. ಅಳಿಸಿದ ದಿನ ಒಂದು ಮಗುಚು ಎರಡಾಗಿ ಎಣಿಕೆಯಾಗುತ್ತದೆ.

ಮುಚ್ಚಿದ ಲೈಬ್ರರಿಗಳ ಬಗ್ಗೆ ಒಂದು ಮಾತು. ಮೋಡೆಮ್‌ಗೋ ಸೆನ್ಸರಿಗೋ ಬೇರೆಯವರು ಕಂಪೈಲ್ ಮಾಡಿಯೇ ಕೊಟ್ಟ ಕಡತವಿದ್ದರೆ, ಅದು ಹಳೆಯ ಟೈಮ್-ಟಿಯ ಲೆಕ್ಕದಲ್ಲೇ ಇರುತ್ತದೆ. ಸಿ++ ಆದರೆ ಹೆಸರುಗಳೊಳಗೆ ಬಗೆಯ ಗುರುತೂ ಸೇರಿರುವುದರಿಂದ ಇಂಟ್, ಲಾಂಗ್‌ನಂಥ ವ್ಯತ್ಯಾಸಕ್ಕೆ ಲಿಂಕರ್ ನಿಲ್ಲಿಸುತ್ತದೆ. ಸಿ ಆದರೆ ಸುಮ್ಮನೆ ಜೋಡಿಸುತ್ತದೆ. ಕೊಟ್ಟವರಿಂದ ಹೊಸದಾಗಿ ಕಂಪೈಲ್ ಮಾಡಿದ್ದು ಸಿಗದಿದ್ದರೆ ಆ ಲೈಬ್ರರಿಯನ್ನೇ ಬಿಡುವುದು ಲೇಸು.

ಇನ್ನು ಪರೀಕ್ಷೆ. ಇನ್ನೊಂದು ಇಎಸ್‌ಪಿ32 ಬೋರ್ಡಿನಿಂದ ರೀಡ್ ಸ್ವಿಚ್ಚಿನ ಜಾಗಕ್ಕೆ ಮಿಡಿತಗಳನ್ನು ಕೊಡಿ. 0.2 ಮಿಲಿಮೀಟರಿನ ತೊಟ್ಟಿಗೆ 127 ಮಿಡಿತವೆಂದರೆ ಸರಿಯಾಗಿ ಒಂದು ಇಂಚು. ಮಾಪಕ 100 ಸೆಂಟ್ಸ್ ತೋರಿಸಬೇಕು, 99 ಅಲ್ಲ, 101 ಅಲ್ಲ. ನಿಧಾನವಾಗಿ ಕೊಡಿ, ಆಮೇಲೆ ನಿಜವಾದ ಯಾವ ಮಳೆಗಿಂತಲೂ ವೇಗವಾಗಿ ಕೊಡಿ. ಅದೇ ಸಮಯದಲ್ಲಿ ಫ್ಲ್ಯಾಶ್‌ಗೆ ಬಿಡದೆ ಬರೆಯಿಸಿ, ರೇಡಿಯೋ ಕಳಿಸುತ್ತಿರಲಿ. ರಾತ್ರಿಯಿಡೀ ಓಡಿಸಿ ಬೆಳಿಗ್ಗೆ ಕೊಟ್ಟ ಮಿಡಿತ, ಎಣಿಸಿದ ಮಿಡಿತ ಎರಡನ್ನೂ ಕಳೆದರೆ ಸೊನ್ನೆ ಬರಬೇಕು. ನಿದ್ರೆಯಲ್ಲಿರುವಾಗ ಬ್ಯಾಟರಿಯಿಂದ ಎಷ್ಟು ಕರೆಂಟು ಎಳೆಯುತ್ತದೆ ಎಂದು ಮೀಟರ್ ಇಟ್ಟು ಹಳೆಯ ಫರ್ಮ್‌ವೇರಿನ ಜೊತೆ ಹೋಲಿಸುವುದನ್ನೂ ಮರೆಯಬಾರದು. ಆಷಾಢದಲ್ಲಿ ವಾರಗಟ್ಟಲೆ ಸೂರ್ಯ ಕಾಣದ ಊರಿನಲ್ಲಿ ಸೋಲಾರ್ ಫಲಕವನ್ನು ನಂಬಿ ಲೆಕ್ಕ ಹಾಕುವಂತಿಲ್ಲ.

ಕಾಲದ ಆಯ್ಕೆಯನ್ನು ನಾನು ತೋಟದ ಪಂಚಾಂಗಕ್ಕೆ ಬಿಡುತ್ತೇನೆ. ಕಾಫಿ ಕುಯ್ಲಿನ ನವೆಂಬರ್‌ನಿಂದ ಜನವರಿಯವರೆಗೆ ಮೇಜಿನ ಮೇಲಿನ ಕೆಲಸ ಮುಗಿಯಬೇಕು. ಆಗಲೂ ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ, ಅಕಾಲಿಕ ಮಳೆಯ ಸುದ್ದಿ ಬೇಕೇ ಬೇಕು. ಹಾಗಾಗಿ ತೋಟದಲ್ಲಿರುವ ಮಾಪಕಗಳು ಹಳೆಯ ಫರ್ಮ್‌ವೇರಿನಲ್ಲೇ ಇರಲಿ. ಹೂಮಳೆಗೆ ಮುನ್ನ ಒಂದು ಮಾಪಕಕ್ಕೆ ಹೊಸದನ್ನು ಹಾಕಿ, ಹಳೆಯದರ ಪಕ್ಕದಲ್ಲೇ ನಿಲ್ಲಿಸಿ, ಗಾಜಿನ ಅಳತೆ ಕೊಳವೆಯ ಜೊತೆಗೂ ತಾಳೆ ನೋಡಬೇಕು. ಹೂಮಳೆ, ಆಮೇಲೆ ಕಾಯಿ ಕಟ್ಟಲು ಬೇಕಾದ ಕಾಯಿಮಳೆ ಎರಡರಲ್ಲೂ ಅಂಕಿ ಕೂಡಿ ಬಂದರೆ ಮೇ ಮೊದಲ ವಾರದೊಳಗೆ ಉಳಿದವಕ್ಕೂ ಹಾಕಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವುದನ್ನೂ ಮುಟ್ಟಬಾರದು. ಆ ನಾಲ್ಕು ತಿಂಗಳಲ್ಲಿ ಕೆಟ್ಟ ಮಾಪಕದ ಬಳಿಗೆ ಹೋಗಲು ಎಷ್ಟೋ ಕಡೆ ಹಳ್ಳ ದಾಟಬೇಕು, ಮರ ಬಿದ್ದ ದಾರಿ ಬಿಡಿಸಬೇಕು.

ನಿಸ್ತಂತುವಾಗಿ ಫರ್ಮ್‌ವೇರ್ ಕಳಿಸುವ ವ್ಯವಸ್ಥೆ ಇದ್ದವರು ಎರಡು ಸಂಗತಿ ಗಮನಿಸಬೇಕು. ಫ್ಲ್ಯಾಶ್‌ನಲ್ಲಿ ಎರಡು ಮನೆಗಳಿರುತ್ತವೆ. ಹೊಸದು ಒಂದರಲ್ಲಿ ಕೂರುತ್ತದೆ, ಹಳೆಯದು ಇನ್ನೊಂದರಲ್ಲಿ ಉಳಿಯುತ್ತದೆ. ಹೊಸದು ತಾನು ಸರಿಯಾಗಿದ್ದೇನೆಂದು ಘೋಷಿಸಿಕೊಳ್ಳದಿದ್ದರೆ ಚಿಪ್ ಎದ್ದಾಗ ಮೊದಲು ಓಡುವ ಬೂಟ್‌ಲೋಡರ್ ಹಳೆಯದಕ್ಕೆ ಮರಳುತ್ತದೆ, ಆ ಆಯ್ಕೆಯನ್ನು ಮೊದಲೇ ಹಾಕಿಟ್ಟಿದ್ದರೆ. ಎದ್ದ ತಕ್ಷಣ ‘ನಾನು ಸರಿ’ ಎಂದು ಹೇಳಿಸಬೇಡಿ. ಸ್ವಿಚ್ಚಿನ ಮಿಡಿತ ಎಣಿಸಿ, ಫ್ಲ್ಯಾಶ್‌ಗೆ ಬರೆದು, ರೇಡಿಯೋದಲ್ಲಿ ಕಳಿಸಿ, ಮನೆಯಿಂದ ಉತ್ತರ ಬಂದ ಮೇಲೆ ಹೇಳಲಿ. ಇನ್ನೊಂದು, ಬೂಟ್‌ಲೋಡರ್ ಸಾಮಾನ್ಯವಾಗಿ ನಿಸ್ತಂತುವಾಗಿ ಬದಲಾಗುವುದಿಲ್ಲ. ತೋಟದಲ್ಲಿ ಓಡಬೇಕಾದದ್ದು ಹಳೆಯ ಬೂಟ್‌ಲೋಡರ್ ಮತ್ತು ಹೊಸ ಫರ್ಮ್‌ವೇರಿನ ಜೋಡಿ. ಮೇಜಿನ ಮೇಲೂ ಅದೇ ಜೋಡಿಯನ್ನು ಪರೀಕ್ಷಿಸಿ.

ಕೊನೆಯದಾಗಿ, ಫರ್ಮ್‌ವೇರ್ ತನ್ನ ದಿನದ ಮೊದಲ ಸಂದೇಶದಲ್ಲಿ ಮೂಲದ ಆವೃತ್ತಿ, ಐಡಿಎಫ್ ಆವೃತ್ತಿ, ಕಂಪೈಲರ್ ಆವೃತ್ತಿ ಮೂರನ್ನೂ ಕಳಿಸುವಂತೆ ಮಾಡಿ, ಮಳೆಯ ದಾಖಲೆಯ ಪಕ್ಕದಲ್ಲೇ ಅದನ್ನೂ ಉಳಿಸಿ. ಹಳೆಯ ಟೂಲ್‌ಚೈನಿನ ಕಡತಗಳು ಒಂದು ಇಡೀ ಮುಂಗಾರು ಕಳೆದು, ಅಕ್ಟೋಬರಿನಲ್ಲಿ ಲೆಕ್ಕ ತಾಳೆಯಾಗುವವರೆಗೆ ಹಾರ್ಡ್‌ಡಿಸ್ಕಿನಲ್ಲೇ ಇರಲಿ.